‘ಗೆದ್ದರೆ ಮಾತ್ರ ಫೀಸು’: ವಕೀಲರ ಗ್ಯಾರಂಟಿಯ ಒಳಗೆ ಏನಿದೆ?

ಗ್ಯಾರಂಟಿ ಅಂದ ಕೂಡಲೇ ಕರ್ನಾಟಕದಲ್ಲಿ 2023ರ ನಂತರ ನೆನಪಾಗುವುದು ಶಕ್ತಿ ಯೋಜನೆಯ ಬಸ್ಸು, ಗೃಹಲಕ್ಷ್ಮಿಯ ಎರಡು ಸಾವಿರ. ಆದರೆ ನಮ್ಮ ಕೋರ್ಟುಗಳ ಆವರಣದಲ್ಲಿ ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ ಓಡಾಡುತ್ತಿರುವ ಇನ್ನೊಂದು ಗ್ಯಾರಂಟಿ ಇದೆ. ‘ಈಗ ಒಂದು ರೂಪಾಯಿನೂ ಕೊಡಬೇಡಿ. ಪರಿಹಾರ ಬಂದ ಮೇಲೆ ಇಷ್ಟು ಪರ್ಸೆಂಟ್ ಕೊಟ್ಟರೆ ಸಾಕು. ಬರಲಿಲ್ಲ ಅಂದ್ರೆ ನಮ್ಮ ಕೈಯಿಂದ ಹೋಯ್ತು ಅಷ್ಟೇ.’ ರಸ್ತೆ ಅಪಘಾತದಲ್ಲಿ ದುಡಿಯುವ ಕೈ ಕಳೆದುಕೊಂಡ ಮನೆಗೆ ಇದಕ್ಕಿಂತ ದೊಡ್ಡ ಆಸರೆಯ ಮಾತು ಇನ್ನೊಂದಿಲ್ಲ.

ಈ ಮಾತನ್ನು ಅಮೆರಿಕದಲ್ಲಿ ವಕೀಲರು ಹೆದ್ದಾರಿ ಪಕ್ಕದ ಬೋರ್ಡುಗಳಲ್ಲಿ ಹಾಕಿಸುತ್ತಾರೆ. ಇಂಗ್ಲೆಂಡಿನಲ್ಲಿ ಅದು ಸಂಸತ್ತು ಒಪ್ಪಿದ ಒಪ್ಪಂದ. ನಮ್ಮಲ್ಲಿ ಮಾತ್ರ ಅದು ವೃತ್ತಿ ದುರ್ನಡತೆ. ಆದರೂ ನಡೆಯುತ್ತದೆ, ಬಾಯಿಮಾತಿನಲ್ಲಿ. ನಿಷೇಧ ಇರುವುದು ಕಕ್ಷಿದಾರರನ್ನು ಕಾಪಾಡೋದಕ್ಕೆ ಅಂತ ಹೇಳುತ್ತಾರೆ. ಕೊನೆಗೆ ಆಗಿರೋದು ಏನಪ್ಪಾ ಅಂದ್ರೆ, ಗ್ಯಾರಂಟಿ ಉಳಿದುಕೊಂಡಿದೆ, ಅದರ ಕಾಗದ ಮಾತ್ರ ಮಾಯವಾಗಿದೆ. ಹೇಗೆ ಅನ್ನೋದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ಈ ಗ್ಯಾರಂಟಿ ಕಾನೂನುಬದ್ಧವಾಗಿರುವ ಕಡೆ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕು.

ಫೀಸು ಬೇರೆ, ಖರ್ಚು ಬೇರೆ

ಅಮೆರಿಕದ ಪದ್ಧತಿ ಸರಳ. ಕೇಸು ಗೆದ್ದರೆ ಅಥವಾ ರಾಜಿಯಾಗಿ ಹಣ ಬಂದರೆ ಅದರಲ್ಲಿ ವಕೀಲರಿಗೆ ಒಂದು ಪಾಲು, ಸಾಮಾನ್ಯವಾಗಿ ಮೂರನೇ ಒಂದರಷ್ಟು. ವಿಚಾರಣೆ, ಮೇಲ್ಮನವಿಯವರೆಗೆ ಹೋದರೆ ಶೇ. 40ರವರೆಗೂ ಏರುವುದುಂಟು. ಸೋತರೆ ಫೀಸು ಇಲ್ಲ. ಅಲ್ಲಿ ಸಾಮಾನ್ಯವಾಗಿ ಸೋತವರು ಗೆದ್ದವರ ವಕೀಲರ ಫೀಸು ಕಟ್ಟಬೇಕಾಗಿಲ್ಲ, ಅವರವರ ವಕೀಲರ ಫೀಸು ಅವರವರದ್ದೇ. ಹಾಗಾಗಿ ಸೋತ ಬಡವನ ತಲೆ ಮೇಲೆ ಎದುರಾಳಿಯ ಬಿಲ್ಲು ಬೀಳುವುದಿಲ್ಲ.

ಆದರೆ ‘ಫೀಸು ಇಲ್ಲ’ ಅಂದರೆ ‘ಖರ್ಚು ಇಲ್ಲ’ ಅಂತಲ್ಲ. ಕೋರ್ಟು ಶುಲ್ಕ, ತಜ್ಞ ವೈದ್ಯರ ಸಾಕ್ಷ್ಯದ ಹಣ, ದಾಖಲೆ ತರಿಸುವ ಹಣ ಎಲ್ಲ ಬೇರೆ ಲೆಕ್ಕ. ಒಂದು ಉದಾಹರಣೆ ಹಾಕಿ ನೋಡೋಣ. ಪರಿಹಾರ 1,00,000 ಡಾಲರ್, ಖರ್ಚು 10,000, ವಕೀಲರ ಪಾಲು ಮೂರನೇ ಒಂದು. ಇಡೀ ಮೊತ್ತದ ಮೇಲೆ ಪಾಲು ತೆಗೆದು ಆಮೇಲೆ ಖರ್ಚು ಕಳೆದರೆ ಕಕ್ಷಿದಾರನ ಕೈಗೆ ಬರೋದು ಸುಮಾರು 56,667. ಖರ್ಚು ಮೊದಲು ಕಳೆದು ಉಳಿದ 90,000ದ ಮೇಲೆ ಪಾಲು ಹಾಕಿದರೆ 60,000. ಕೇಸು ಅದೇ, ಪರ್ಸೆಂಟೇಜೂ ಅದೇ. ಒಂದೇ ಒಂದು ವಾಕ್ಯ ಮೂರು ಸಾವಿರ ಡಾಲರಿಗಿಂತ ಹೆಚ್ಚು ಹಣವನ್ನು ಈ ಜೇಬಿನಿಂದ ಆ ಜೇಬಿಗೆ ಸಾಗಿಸುತ್ತದೆ.

ಅದಕ್ಕೇ ಅಲ್ಲಿನ ವಕೀಲರ ಸಂಘ ಅಮೆರಿಕನ್ ಬಾರ್ ಅಸೋಸಿಯೇಷನ್ ಮಾಡಿರುವ ಮಾದರಿ ನಿಯಮ 1.5, ಇಂಥ ಒಪ್ಪಂದ ಬರಹದಲ್ಲೇ ಇರಬೇಕು, ಕಕ್ಷಿದಾರ ಸಹಿ ಮಾಡಿರಬೇಕು ಎನ್ನುತ್ತದೆ. ರಾಜಿಯಾದರೆ ಎಷ್ಟು, ವಿಚಾರಣೆ ಆದರೆ ಎಷ್ಟು, ಮೇಲ್ಮನವಿಗೆ ಎಷ್ಟು, ಖರ್ಚನ್ನು ಪಾಲು ತೆಗೆಯುವ ಮೊದಲು ಕಳೆಯುತ್ತಾರೋ ಆಮೇಲೋ, ಸೋತರೂ ಕಕ್ಷಿದಾರ ಕಟ್ಟಬೇಕಾದ ಖರ್ಚು ಯಾವುದು ಅಂತ ಬಿಡಿಸಿ ಬರೆಯಬೇಕು. ಕ್ರಿಮಿನಲ್ ಕೇಸಿನಲ್ಲಿ ಆರೋಪಿಯ ಪರ ವಾದಿಸುವಾಗ, ವಿಚ್ಛೇದನ ಸಿಕ್ಕರೆ ಇಷ್ಟು ಅನ್ನುವಂಥ ಕೌಟುಂಬಿಕ ವ್ಯಾಜ್ಯಗಳಲ್ಲಿ ಈ ಪದ್ಧತಿ ಅಲ್ಲೂ ಇಲ್ಲ.

ಸರ್ಕಾರ ಹಿಂದೆ ಸರಿದಾಗ ಮಾರುಕಟ್ಟೆ ಮುಂದೆ ಬಂತು

ಇಂಗ್ಲೆಂಡಿನ ಕತೆ ರಾಜಕೀಯವಾಗಿ ಹೆಚ್ಚು ಕುತೂಹಲದ್ದು, ಅದಕ್ಕೆ ಇಲ್ಲಿ ಸ್ವಲ್ಪ ನಿಲ್ಲೋಣ. ಶತಮಾನಗಳ ಕಾಲ ಇಂಥ ಒಪ್ಪಂದವನ್ನು ದೂರ ಇಟ್ಟಿದ್ದ ದೇಶ ಅದು. 1990ರ ಕಾಯ್ದೆಯೊಂದರಲ್ಲಿ ಬಾಗಿಲು ತೆರೆಯಿತು, 1995ರಲ್ಲಿ ಅಪಘಾತ ಪರಿಹಾರದಂಥ ಕೆಲವು ಬಗೆಯ ಕೇಸುಗಳಿಗೆ ಜಾರಿಗೆ ಬಂತು. ಅಲ್ಲಿನ ಮುಖ್ಯ ಮಾದರಿ ಪರಿಹಾರದಲ್ಲಿ ಪಾಲು ತೆಗೆದುಕೊಳ್ಳುವುದಲ್ಲ. ವಕೀಲರು ಎಷ್ಟು ಗಂಟೆ ಕೆಲಸ ಮಾಡಿದರೋ ಅದಕ್ಕೆ ಮಾಮೂಲಿ ಫೀಸು, ಗೆದ್ದರೆ ಅದರ ಮೇಲೆ ಒಂದು ‘ಗೆಲುವಿನ ಶುಲ್ಕ’. ಆ ಶುಲ್ಕ ಮಾಮೂಲಿ ಫೀಸಿನ ಶೇ. 100ನ್ನು ಮೀರಬಾರದು. ಸೋತರೆ ಎರಡೂ ಇಲ್ಲ. ಐದು ಕೇಸು ಸೋತು ಐದು ಗೆದ್ದ ವಕೀಲರು, ಸೋತ ಐದರ ನಷ್ಟವನ್ನು ಗೆದ್ದ ಐದರಿಂದ ತುಂಬಿಕೊಳ್ಳುತ್ತಾರೆ. ಅಂದರೆ, ಗೆದ್ದ ಕಕ್ಷಿದಾರರು ಸೋತ ಕಕ್ಷಿದಾರರ ಫೀಸು ಕಟ್ಟುತ್ತಿದ್ದಾರೆ. ಇದು ಇನ್ಶೂರೆನ್ಸ್ ಇದ್ದ ಹಾಗೆ, ಪ್ರೀಮಿಯಂ ಕಟ್ಟೋದು ಮಾತ್ರ ಕೊನೆಯಲ್ಲಿ.

1999ರ ಇನ್ನೊಂದು ಕಾಯ್ದೆ ಎರಡು ಕೆಲಸ ಮಾಡಿತು. ಬಹುಪಾಲು ದೈಹಿಕ ಗಾಯದ ಕೇಸುಗಳನ್ನು ಸರ್ಕಾರಿ ಕಾನೂನು ನೆರವಿನಿಂದ ಹೊರಗೆ ಹಾಕಿತು. ಅದರ ಬದಲಿಗೆ, ಗೆಲುವಿನ ಶುಲ್ಕವನ್ನು ಸೋತ ಕಡೆಯವರಿಂದಲೇ ವಸೂಲಿ ಮಾಡಬಹುದು ಅಂತ ಹೇಳಿತು. ಗೆದ್ದ ಕಕ್ಷಿದಾರನಿಗೆ ಇಡೀ ಪರಿಹಾರ ಉಳಿಯಿತು, ನಿಜ. ಆದರೆ ಆತನಿಗೆ ವಕೀಲರ ಫೀಸಿನ ಬಗ್ಗೆ ಚೌಕಾಸಿ ಮಾಡುವ ಕಾರಣವೇ ಹೋಯ್ತು. ಬಿಲ್ಲುಗಳು ಉಬ್ಬಿದವು. ಅಪಘಾತವಾದವರನ್ನು ಹುಡುಕಿ ವಕೀಲರಿಗೆ ‘ಒಪ್ಪಿಸುವ’ ಕಂಪನಿಗಳು ಹುಟ್ಟಿಕೊಂಡವು. ಅಂಥದ್ದರಲ್ಲಿ ದೊಡ್ಡದಾಗಿದ್ದ ದಿ ಆಕ್ಸಿಡೆಂಟ್ ಗ್ರೂಪ್ 2003ರಲ್ಲಿ ಮುಳುಗಿದಾಗ ಅದರ ನೌಕರರಿಗೆ ಸುದ್ದಿ ಗೊತ್ತಾಗಿದ್ದು ಮೊಬೈಲ್ ಮೆಸೇಜಿನಲ್ಲಿ. ಶ್ವಾಸಕೋಶದ ಕಾಯಿಲೆಗೆ ಪರಿಹಾರ ಪಡೆದ ಕಲ್ಲಿದ್ದಲು ಗಣಿ ಕಾರ್ಮಿಕರ ವಿಚಾರ ಇನ್ನೂ ಕೆಟ್ಟದು. ಅವರ ವಕೀಲರ ಫೀಸನ್ನು ಸರ್ಕಾರವೇ ಕಟ್ಟುತ್ತಿತ್ತು. ಹಾಗಿದ್ದೂ ಕೆಲವು ವಕೀಲರು ಕಾರ್ಮಿಕರ ಪರಿಹಾರದಲ್ಲೂ ಕಡಿತ ಮಾಡಿಕೊಂಡರು. ಸಿಕ್ಕಿಬಿದ್ದವರಲ್ಲಿ ಕೆಲವರ ಸನ್ನದೇ ಹೋಯಿತು.

2013ರ ಏಪ್ರಿಲ್‌ನಿಂದ ಮತ್ತೆ ನಿಯಮ ಬದಲಾಯಿತು. ಈಗ ಗೆಲುವಿನ ಶುಲ್ಕವನ್ನು ಕಕ್ಷಿದಾರನೇ ಕಟ್ಟಬೇಕು. ಆದರೆ ದೈಹಿಕ ಗಾಯದ ಕೇಸಿನಲ್ಲಿ ಅದು ಪರಿಹಾರದ ಶೇ. 25ನ್ನು ದಾಟುವಂತಿಲ್ಲ. ಆ 25 ಲೆಕ್ಕ ಹಾಕುವಾಗ ಮುಂದಿನ ಬದುಕಿಗೆ ಅಂತ ಕೊಟ್ಟ ಹಣವನ್ನು, ಅಂದರೆ ಮುಂದಿನ ಚಿಕಿತ್ಸೆ, ಮುಂದೆ ತಪ್ಪಿಹೋಗುವ ಸಂಬಳ ಇಂಥವನ್ನು ಮುಟ್ಟುವಂತಿಲ್ಲ. 20,000 ಪೌಂಡ್ ಪರಿಹಾರದಲ್ಲಿ 8,000 ಮುಂದಿನ ನಷ್ಟಕ್ಕೆ ಅಂತಿದ್ದರೆ, ಉಳಿದ 12,000ದ ಕಾಲು ಭಾಗ, ಅಂದರೆ 3,000 ಪೌಂಡ್ ಗೆಲುವಿನ ಶುಲ್ಕದ ಗರಿಷ್ಠ ಮಿತಿ. ಗಾಲಿಕುರ್ಚಿಯ ಮೇಲೆ ಮೂವತ್ತು ವರ್ಷ ಬದುಕಬೇಕಾದವನ ಹಣಕ್ಕೆ ಬೇಲಿ ಹಾಕಿದ ಈ ಒಂದು ಸಾಲು ನನಗೆ ಇಡೀ ವ್ಯವಸ್ಥೆಯಲ್ಲಿ ತುಂಬ ಇಷ್ಟವಾದದ್ದು.

ಗ್ಯಾರಂಟಿ ಯಾರಿಗೆ ಸಿಗಲ್ಲ?

ಇಷ್ಟೆಲ್ಲ ಕಾಗದಪತ್ರ ಇದ್ದರೂ ಈ ಗ್ಯಾರಂಟಿಗೆ ಹುಟ್ಟಿನಿಂದಲೇ ಬಂದ ಎರಡು ಕಾಯಿಲೆಗಳಿವೆ. ವಕೀಲರು ತಮ್ಮ ಹಣವನ್ನೇ ಪಣಕ್ಕಿಡುವಾಗ ಗೆಲ್ಲುವ ಕೇಸನ್ನೇ ಆರಿಸಿಕೊಳ್ಳುತ್ತಾರೆ. ಗೆಲ್ಲುವುದಷ್ಟೇ ಸಾಲದು, ಮೊತ್ತವೂ ದೊಡ್ಡದಿರಬೇಕು. ಅಪಘಾತ ಪರಿಹಾರವನ್ನು ನಮ್ಮಲ್ಲಿ ಸತ್ತವರ ಆದಾಯ ಮತ್ತು ವಯಸ್ಸಿನ ಮೇಲೆ ಲೆಕ್ಕ ಹಾಕುತ್ತಾರೆ. ಸಾಫ್ಟ್‌ವೇರ್ ಎಂಜಿನಿಯರ್ ಸತ್ತರೆ ಬರುವ ಪರಿಹಾರಕ್ಕೂ ಗಾರೆ ಕೆಲಸದ ಅರವತ್ತೈದರ ಮುದುಕ ಸತ್ತರೆ ಬರುವ ಪರಿಹಾರಕ್ಕೂ ಅಜಗಜಾಂತರ. ಪರ್ಸೆಂಟೇಜ್ ಲೆಕ್ಕದಲ್ಲಿ ಆ ಮುದುಕನ ಮನೆಯವರ ಕೇಸು ಯಾರಿಗೂ ‘ವರ್ಕೌಟ್’ ಆಗಲ್ಲ.

ಎರಡನೆಯದು ರಾಜಿಯ ಆತುರ. ಇವತ್ತೇ ಎಂಟು ಲಕ್ಷಕ್ಕೆ ಇನ್ಶೂರೆನ್ಸ್ ಕಂಪನಿ ಒಪ್ಪಿದೆ, ಎರಡು ವರ್ಷ ಹೋರಾಡಿದರೆ ಹನ್ನೆರಡು ಸಿಗಬಹುದು ಅಂತಿಟ್ಟುಕೊಳ್ಳಿ. ಕಾಲು ಪಾಲಿನ ವಕೀಲರಿಗೆ ಆ ಎರಡು ವರ್ಷದ ಕೆಲಸದಿಂದ ಸಿಗೋದು ಹೆಚ್ಚುವರಿ ಒಂದು ಲಕ್ಷ. ಮನೆಯವರಿಗೆ ಸಿಗೋದು ಮೂರು ಲಕ್ಷ. ಇಬ್ಬರೂ ಒಂದೇ ದೋಣಿಯಲ್ಲಿದ್ದೀವಿ ಅಂತ ಹೇಳೋದು ಪೂರ್ತಿ ನಿಜ ಅಲ್ಲ.

ನಮ್ಮಲ್ಲಿ ಯಾಕೆ ಬೇಡ ಅಂದರು

ಭಾರತೀಯ ವಕೀಲರ ಪರಿಷತ್ತಿನ ನಿಯಮ 20 ಚುಟುಕಾಗಿದೆ. ಕೇಸಿನ ಫಲಿತಾಂಶದ ಮೇಲೆ ನಿಂತ ಫೀಸನ್ನು ವಕೀಲರು ಗೊತ್ತು ಮಾಡುವಂತಿಲ್ಲ, ಬಂದ ಹಣದಲ್ಲಿ ಪಾಲು ಹಂಚಿಕೊಳ್ಳಲು ಒಪ್ಪುವಂತಿಲ್ಲ. ತನಗೇ ಹಣದ ಹಿತಾಸಕ್ತಿ ಇರುವ ಕೇಸಿನಲ್ಲಿ ವಾದ ಮಾಡುವಂತಿಲ್ಲ ಅನ್ನೋದು ಇನ್ನೊಂದು ನಿಯಮ. ಹಿಂದಿರುವ ತರ್ಕ ಹಳೆಯದು. ವಕೀಲ ಮೊದಲು ಕೋರ್ಟಿನ ಅಧಿಕಾರಿ, ಆಮೇಲೆ ಕಕ್ಷಿದಾರನ ಪ್ರತಿನಿಧಿ. ಕೇಸಿನಲ್ಲಿ ಅವನೇ ಪಾಲುದಾರನಾದರೆ ಸಾಕ್ಷಿ ಹೊಂದಿಸುವ, ಸುಳ್ಳು ಹೇಳಿಸುವ ಆಸೆ ಹುಟ್ಟುತ್ತದೆ ಎಂಬ ಭಯ.

1954ರಲ್ಲೇ ಇದು ಸುಪ್ರೀಂ ಕೋರ್ಟಿಗೆ ಬಂದಿತ್ತು. ಬರುವ ಹಣದಲ್ಲಿ ಅರ್ಧ ಪಾಲು ಅಂತ ಒಪ್ಪಂದ ಮಾಡಿಕೊಂಡಿದ್ದ ಹಿರಿಯ ವಕೀಲರೊಬ್ಬರ ಪ್ರಕರಣ ಅದು. ಬೇರೆ ಯಾರೋ ಇಂಥ ಒಪ್ಪಂದ ಮಾಡಿಕೊಂಡಿದ್ದರೆ ಅದು ತಾನಾಗಿಯೇ ಅಕ್ರಮವಾಗುತ್ತಿರಲಿಲ್ಲ, ವಕೀಲ ಮಾಡಿಕೊಂಡಿದ್ದರಿಂದ ದುರ್ನಡತೆ ಅಂತ ಕೋರ್ಟು ಹೇಳಿತು. ಈ ‘ಬೇರೆ ಯಾರೋ’ ಅನ್ನೋದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

2017ರ ಡಿಸೆಂಬರ್‌ನ ತೀರ್ಪು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ತೆಲಂಗಾಣದ ಒಬ್ಬ ಮಹಿಳೆ, ಗಂಡ ರಸ್ತೆ ಅಪಘಾತದಲ್ಲಿ ತೀರಿಕೊಂಡವರು. ಪರಿಹಾರ ಬಂದ ಮೇಲೆ ವಕೀಲರಿಗೆ 10 ಲಕ್ಷ ಕೊಟ್ಟಿದ್ದರು. ಸಾಲದು ಅಂತ ಇನ್ನೊಂದು 10 ಲಕ್ಷದ ಚೆಕ್ಕಿಗೆ ಒತ್ತಾಯದಿಂದ ಸಹಿ ಹಾಕಿಸಿಕೊಂಡರು ಅನ್ನೋದು ಆಕೆಯ ದೂರು. ಚೆಕ್ ಬೌನ್ಸ್ ಆಯ್ತು. ವಕೀಲರು ತಮ್ಮ ಕಕ್ಷಿದಾರಳ ಮೇಲೆಯೇ ಚೆಕ್ ಬೌನ್ಸ್ ಕೇಸು ಹಾಕಿದರು! ನ್ಯಾಯಮೂರ್ತಿಗಳಾದ ಆದರ್ಶ ಕುಮಾರ್ ಗೋಯೆಲ್ ಮತ್ತು ಉದಯ್ ಉಮೇಶ್ ಲಲಿತ್ ಅವರ ಪೀಠ ಆ ಕೇಸನ್ನು ರದ್ದು ಮಾಡಿತು. ಪರಿಹಾರದ ಪರ್ಸೆಂಟೇಜ್ ಮೇಲೆ ಫೀಸು ಕೇಳುವುದು ಸಾರ್ವಜನಿಕ ನೀತಿಗೆ ವಿರುದ್ಧ, ಕರಾರು ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅಂಥ ಒಪ್ಪಂದಕ್ಕೆ ಬೆಲೆಯಿಲ್ಲ. ಒಪ್ಪಂದವೇ ಇಲ್ಲದ ಮೇಲೆ ಸಾಲವೂ ಇಲ್ಲ, ಸಾಲ ಇಲ್ಲದ ಮೇಲೆ ಚೆಕ್ ಬೌನ್ಸ್ ಅಪರಾಧವೂ ಇಲ್ಲ. ವಕೀಲರ ಫೀಸನ್ನು ನಿಯಂತ್ರಿಸುವ ಕಾನೂನಿನ ಬಗ್ಗೆ ಯೋಚಿಸಿ ಅಂತಲೂ ಕೋರ್ಟು ಸರ್ಕಾರಕ್ಕೆ ಹೇಳಿತು.

ಒಳ್ಳೆಯ ತೀರ್ಪೇ. ಆದರೆ ಅದರಿಂದ ಪದ್ಧತಿ ನಿಂತಿಲ್ಲ. ಬೆಂಗಳೂರಿನ ಲಘು ವ್ಯವಹಾರಗಳ ನ್ಯಾಯಾಲಯದ ಮೋಟಾರು ಅಪಘಾತ ಪರಿಹಾರ ತೀರ್ಪುಗಳನ್ನು ಓದಿ ನೋಡಿ. ಕೊನೆಯ ಸಾಲುಗಳಲ್ಲಿ ‘ವಕೀಲರ ಶುಲ್ಕ 1,000 ರೂಪಾಯಿ ಎಂದು ನಿಗದಿಪಡಿಸಲಾಗಿದೆ’ ಅನ್ನುವ ಮಾತು ಎಷ್ಟೋ ಕಡೆ ಸಿಗುತ್ತದೆ. ಎದುರು ಪಕ್ಷದವರು ಕೊಡಬೇಕಾದ ವೆಚ್ಚದ ಲೆಕ್ಕಕ್ಕೆ ಕೋರ್ಟು ಹಾಕುವ ಅಂಕಿ ಅದು. ವರ್ಷಗಟ್ಟಲೆ ನಡೆದ ಎಂವಿಸಿ ಕೇಸಿಗೆ ಸಾವಿರ ರೂಪಾಯಿ! ಜೆರಾಕ್ಸ್ ಖರ್ಚೂ ಹುಟ್ಟಲ್ಲ. ಎಫ್‌ಐಆರ್, ಮಹಜರು, ಗಾಯದ ಪ್ರಮಾಣಪತ್ರ, ಅಂಗವಿಕಲತೆ ಬಗ್ಗೆ ವೈದ್ಯರ ಸಾಕ್ಷ್ಯ, ಇದಕ್ಕೆಲ್ಲ ಓಡಾಡುವ ವಕೀಲರ ಆಫೀಸು ನಡೆಯೋದು ಹೇಗೆ? ಕಕ್ಷಿದಾರರ ಬಳಿ ಮುಂಗಡ ಕೊಡಲು ಹಣವಿಲ್ಲ. ಹಾಗಾಗಿ ಪರ್ಸೆಂಟೇಜ್. ಎಲ್ಲ ವಕೀಲರನ್ನೂ ಖಳನಾಯಕರು ಮಾಡೋದು ಸುಲಭ, ಆದರೆ ಬಡ ಕಕ್ಷಿದಾರರ ಕೇಸನ್ನು ಕೈಯಿಂದ ದುಡ್ಡು ಹಾಕಿ ನಡೆಸುವವರೂ ಇವರಲ್ಲೇ ಇದ್ದಾರೆ.

ಸಮಸ್ಯೆ ಇರೋದು ಕತ್ತಲಲ್ಲಿ. ಲಂಡನ್ನಿನ ಕಕ್ಷಿದಾರನ ಕೈಯಲ್ಲಿ ಸಹಿ ಮಾಡಿದ ಕಾಗದ ಇದೆ, ಅದರಲ್ಲಿ ಶೇ. 25ರ ಮಿತಿ ಇದೆ. ಮಂಡ್ಯದ ಕಕ್ಷಿದಾರಳ ಕೈಯಲ್ಲಿ ಏನೂ ಇಲ್ಲ. ‘ಇಪ್ಪತ್ತು ಅಂದಿದ್ರಿ’ ಅಂದ್ರೆ ‘ಮೂವತ್ತು ಅಂದಿದ್ದೆ’ ಅನ್ನಬಹುದು. ‘ಸೋತರೆ ಏನೂ ಬೇಡ’ ಅಂದವರು ಮಧ್ಯೆ ಖರ್ಚಿಗೆ ಅಂತ ಕೇಳಬಹುದು. ಒಪ್ಪಂದವೇ ಅಕ್ರಮವಾಗಿರೋದರಿಂದ ಅದನ್ನು ಜಾರಿ ಮಾಡಿಸಿ ಅಂತ ಕೋರ್ಟಿಗೂ ಹೋಗುವಂತಿಲ್ಲ. ಗ್ರಾಹಕರ ವೇದಿಕೆಗೆ ಹೋಗೋಣ ಅಂದರೆ ಆ ಬಾಗಿಲೂ 2024ರ ಮೇ 14ರಂದು ಮುಚ್ಚಿತು. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಅಂತ ಅವತ್ತು ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ‘ಹಣ ವಾಪಸ್ ಗ್ಯಾರಂಟಿ’ ಅಂತ ಯಾರಾದರೂ ವಕೀಲರು ಹೇಳಿದರೆ, ಮಿಕ್ಸಿ ಕೆಟ್ಟಾಗ ಹೋಗುವ ಜಾಗಕ್ಕೆ ನೀವು ಅದನ್ನು ತೆಗೆದುಕೊಂಡು ಹೋಗುವಂತಿಲ್ಲ.

ಈಗ ಆ ‘ಬೇರೆ ಯಾರೋ’ ಕಡೆಗೆ ಬರೋಣ. ವಿದೇಶಿ ಕಾನೂನು ಸಂಸ್ಥೆಗಳ ಕುರಿತ 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಸೇರಿಸಿತು: ವಕೀಲರಲ್ಲದ ಮೂರನೆಯವರು ಕೇಸಿಗೆ ಬಂಡವಾಳ ಹಾಕಿ ಫಲಿತಾಂಶ ಬಂದ ಮೇಲೆ ಮರಳಿ ಪಡೆಯಲು ನಿರ್ಬಂಧ ಇದ್ದಂತೆ ಕಾಣುವುದಿಲ್ಲ. ದೊಡ್ಡ ಕಂಪನಿಗಳ ನಡುವಿನ ಕೋಟಿಗಟ್ಟಲೆ ವ್ಯಾಜ್ಯಕ್ಕೆ ಹಣಕಾಸು ಸಂಸ್ಥೆಯೊಂದು ದುಡ್ಡು ಹೂಡಿ ಪಾಲು ತೆಗೆದುಕೊಳ್ಳಬಹುದು. 1926ರ ವಕೀಲರ ಶುಲ್ಕ ಕಾಯ್ದೆಯ ಕಾಲದಿಂದಲೂ ಫೀಸನ್ನು ಖಾಸಗಿಯಾಗಿ ಮಾತಾಡಿಕೊಳ್ಳಲು ಅವಕಾಶ ಇದೆ, ಒಂದೊಂದು ಹಾಜರಿಗೆ ಲಕ್ಷಗಟ್ಟಲೆ ಕೇಳುವುದೂ ಕಾನೂನುಬದ್ಧ. ಕೂಲಿ ಕಾರ್ಮಿಕನ ಕುಟುಂಬ ಕಂತಿನ ಹಾಗೆ ಕೊನೆಯಲ್ಲಿ ಪಾಲು ಕೊಡುತ್ತೇನೆ ಅಂದರೆ ಮಾತ್ರ ನೀತಿ ಅಡ್ಡ ಬರುತ್ತದೆ. ನನ್ನ ಪ್ರಕಾರ ಇದು ಸಮರ್ಥಿಸಿಕೊಳ್ಳಲು ಆಗದ ತಾರತಮ್ಯ. ಪರ್ಸೆಂಟೇಜ್ ಪದ್ಧತಿಯನ್ನು ಅಪಘಾತ ಪರಿಹಾರದಂಥ ಕೇಸುಗಳಿಗೆ ಮಾತ್ರ ಬೆಳಕಿಗೆ ತರಬೇಕು: ಬರಹದ ಒಪ್ಪಂದ, ಅದರ ಪ್ರತಿ ಕೋರ್ಟಿನ ಕಡತದಲ್ಲಿ, ಕಟ್ಟುನಿಟ್ಟಾದ ಮಿತಿ, ಮುಂದಿನ ಬದುಕಿನ ಹಣಕ್ಕೆ ಬೇಲಿ. ಆದರೆ ಇಂಗ್ಲೆಂಡಿನ ಹಾಗೆ ಅದನ್ನು ನೆಪ ಮಾಡಿಕೊಂಡು ಸರ್ಕಾರ ಉಚಿತ ನೆರವಿನಿಂದ ಕೈ ತೊಳೆದುಕೊಳ್ಳಕೂಡದು.

ಹೇಳದೇ ಉಳಿದ ಗ್ಯಾರಂಟಿ

ಯಾಕಂದ್ರೆ ಒಂದು ಕಾನೂನುಬದ್ಧ ಗ್ಯಾರಂಟಿ ಈಗಾಗಲೇ ಇದೆ, ಶೇಕಡಾ ಸೊನ್ನೆಯದ್ದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಇವರಿಗೆಲ್ಲ ಉಚಿತ ವಕೀಲರು ಸಿಗಬೇಕು. ಇವರಿಗೆ ಆದಾಯದ ಮಿತಿ ಇಲ್ಲ. ಮಿತಿ ಇರೋದು ಈ ಪಟ್ಟಿಯಲ್ಲಿ ಇಲ್ಲದವರಿಗೆ. ಗಂಡನನ್ನು ಕಳೆದುಕೊಂಡ ಹೆಂಡತಿ, ಮಗನನ್ನು ಕಳೆದುಕೊಂಡ ತಾಯಿ, ಕಾಲು ಕಳೆದುಕೊಂಡ ಡ್ರೈವರ್, ಅಪ್ಪ ಸತ್ತ ಮಕ್ಕಳು: ಮೋಟಾರು ಅಪಘಾತದ ಕೇಸಿಗೆ ಬರುವ ಕುಟುಂಬಗಳನ್ನು ನೋಡಿ, ಎಷ್ಟು ಮಂದಿ ಈ ಪಟ್ಟಿಯ ಹೊರಗಿರುತ್ತಾರೆ ಹೇಳಿ. ನಮ್ಮ ಕಡೆಯವರು ಯಾರಾದ್ರೂ ಅಪಘಾತದ ಕೇಸು ಅಂತ ಫೋನ್ ಮಾಡಿದಾಗ ನಾನು ಮೊದಲು ಕೊಡೋದು 15100, ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ. ತಾಲ್ಲೂಕು ಕೋರ್ಟಿನಲ್ಲೂ ಕಾನೂನು ಸೇವೆಗಳ ಸಮಿತಿ ಇರುತ್ತದೆ. ಉಚಿತ ವಕೀಲರ ಗುಣಮಟ್ಟದ ಬಗ್ಗೆ ದೂರುಗಳಿವೆ, ಅವರಿಗೆ ಸಿಗುವ ಸಂಭಾವನೆಯೂ ತೀರಾ ಕಡಿಮೆ. ಗಲಾಟೆ ಮಾಡಬೇಕಾದ ವಿಷಯ ಅದು. ಹಾಗಂತ ಆ ಹಕ್ಕನ್ನು ಕೇಳದೇ ಬಿಡೋದು ಬೇಡ.

ಖಾಸಗಿ ವಕೀಲರನ್ನೇ ನೇಮಿಸಿಕೊಳ್ಳುವುದಾದರೆ ಪರ್ಸೆಂಟೇಜ್ ಬದಲು ಹಂತ ಹಂತದ ನಿಗದಿತ ಫೀಸು ಕೇಳಿ: ಅರ್ಜಿ ಹಾಕುವಾಗ ಇಷ್ಟು, ಸಾಕ್ಷ್ಯದ ಹಂತದಲ್ಲಿ ಇಷ್ಟು, ವಾದ ಮುಗಿದ ಮೇಲೆ ಇಷ್ಟು. ಅದು ಪೂರ್ತಿ ಕಾನೂನುಬದ್ಧ. ವಕಾಲತ್ತಿಗೆ ಸಹಿ ಹಾಕುವ ಮೊದಲೇ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ, ಹೈಕೋರ್ಟಿನ ಮೇಲ್ಮನವಿ ಇದರಲ್ಲಿ ಸೇರಿದೆಯೋ ಇಲ್ಲವೋ ಅಂತಲೂ ಬರೆಸಿ. ಪ್ರತಿ ಹಣಕ್ಕೂ ರಸೀದಿ ಅಥವಾ ಯುಪಿಐ ದಾಖಲೆ ಇರಲಿ. ಸಹಿ ಮಾಡಿದ ಖಾಲಿ ಚೆಕ್ಕನ್ನಾಗಲೀ ಬ್ಯಾಂಕಿನ ವಿತ್‌ಡ್ರಾವಲ್ ಸ್ಲಿಪ್ಪನ್ನಾಗಲೀ ಯಾರಿಗೂ ಕೊಡಬೇಡಿ. ಪರಿಹಾರದ ಹಣವನ್ನು ನೇರವಾಗಿ ಸಂತ್ರಸ್ತರ ಬ್ಯಾಂಕ್ ಖಾತೆಗೇ ಹಾಕುವ ವ್ಯವಸ್ಥೆಗೆ 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಒತ್ತು ಕೊಟ್ಟಿದೆ. ಖಾತೆ ನಿಮ್ಮ ಹೆಸರಲ್ಲಿದ್ದು ಪಾಸ್‌ಬುಕ್ ನಿಮ್ಮ ಹತ್ತಿರ ಇದ್ದರೆ ಮಾತ್ರ ಅದರಿಂದ ಪ್ರಯೋಜನ.

ವಕೀಲರನ್ನು ಬದಲಾಯಿಸುವ ಹಕ್ಕು ನಿಮಗಿದೆ. ಫೀಸು ಬಾಕಿ ಇದೆ ಅಂತ ಕಡತ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಬಾಕಿ ಇದ್ದರೆ ಅವರು ಅದನ್ನು ಬೇರೆಯಾಗಿ ವಸೂಲಿ ಮಾಡಿಕೊಳ್ಳಬೇಕು. ಹಣದಲ್ಲಿ ಮೋಸವಾಗಿದ್ದರೆ ವಕೀಲರ ಕಾಯ್ದೆಯ 35ನೇ ಸೆಕ್ಷನ್ ಅಡಿ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಲಿಖಿತ ದೂರು ಕೊಡಬಹುದು. ಶಿಸ್ತು ಸಮಿತಿ ದೂರನ್ನು ಒಂದು ವರ್ಷದೊಳಗೆ ಇತ್ಯರ್ಥ ಮಾಡಬೇಕು, ಆಗದಿದ್ದರೆ ಅದು ದೆಹಲಿಯ ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ. ದೂರು ಕೊಟ್ಟ ದಿನ ಸ್ವೀಕೃತಿಯ ಮೇಲೆ ತಾರೀಖು ಹಾಕಿಸಿಕೊಳ್ಳೋದು ಅದಕ್ಕೇ.